ಆಲ್ಬಮ್ ಕೇಳಲು ಬಿಡಿ ಸ್ವಾಮಿ

ನಿನ್ನೆ ರಾತ್ರಿ ಇಂಗ್ಲೆಂಡಿನ ಬ್ಯಾಂಡ್ ಬೀಟಲ್ಸ್‌ನವರ 'ಅಬೇ ರೋಡ್' ಹಾಕಿ ಕೂತಿದ್ದೆ. 1969ರ ಆಲ್ಬಮ್. ಅದರ ಎಲ್‌ಪಿಯ, ಅಂದರೆ ಗ್ರಾಮಫೋನ್ ತಟ್ಟೆಯ, ಎರಡನೇ ಬದಿಯಲ್ಲಿ ಪುಟ್ಟ ಪುಟ್ಟ ಹಾಡುಗಳು ಒಂದಕ್ಕೊಂದು ಹೆಣೆದುಕೊಂಡು ಹೋಗುತ್ತವೆ. 'ಗೋಲ್ಡನ್ ಸ್ಲಂಬರ್ಸ್' ಇರುವುದೇ ಒಂದೂವರೆ ನಿಮಿಷ. ಅದು ಮುಗಿಯುವುದೇ ಇಲ್ಲ, ಹಾಗೇ 'ಕ್ಯಾರಿ ದಟ್ ವೆಯ್ಟ್'ಗೆ ಜಾರುತ್ತದೆ. ಮೈ ಜುಮ್ ಅನ್ನುವ ಜಾಗ ಅದು. ಸರಿಯಾಗಿ ಅಲ್ಲೇ ನನ್ನ ಫೋನಿನಲ್ಲಿ ಹಾಡು ಹಾಕುವ ಆ್ಯಪ್ ಜಾಹೀರಾತು ತುರುಕಿತು! ಯಾವುದೋ ಸಾಲದ ಜಾಹೀರಾತು, ಅದೂ ಜೋರು ದನಿಯಲ್ಲಿ.

ಇನ್ನೊಂದು ಕಾಟ ಶಫಲ್, ಅಂದರೆ ಹಾಡುಗಳ ಕ್ರಮ ಕಲಸಿ ಹಾಕುವುದು. ಗಾಯಕಿ ಜೋನಿ ಮಿಚೆಲ್ 1971ರಲ್ಲಿ ಮಾಡಿದ 'ಬ್ಲೂ' ಆಲ್ಬಮ್‌ನಲ್ಲಿ ಹತ್ತೇ ಹಾಡು. 'ಆಲ್ ಐ ವಾಂಟ್'ನ ಆಸೆಯಿಂದ ಶುರುವಾಗಿ, ಕೊನೆಯ ಹಾಡಿನ ಒಂಟಿತನಕ್ಕೆ ಬಂದು ನಿಲ್ಲುತ್ತದೆ. ಆ್ಯಪ್ ಸೀದಾ ಕೊನೆಯ ಹಾಡನ್ನೇ ಮೊದಲು ಹಾಕುತ್ತದೆ. ಕಾದಂಬರಿಯ ಕೊನೆಯ ಅಧ್ಯಾಯ ಮೊದಲು ಓದಿಸಿದರೆ ಹೇಗಿರುತ್ತದೆ ಹೇಳಿ?

ಹಾಡುಗಳ ಕ್ರಮ ಸುಮ್ನೆ ಬಂದಿದ್ದಲ್ಲ. ಎಲ್‌ಪಿಯ ಒಂದು ಬದಿಗೆ ಇಪ್ಪತ್ತು ನಿಮಿಷದ ಆಸುಪಾಸು ಮಾತ್ರ ಹಿಡಿಯುತ್ತಿತ್ತು. ಯಾವುದು ಮೊದಲು, ತಟ್ಟೆ ತಿರುಗಿಸುವ ಮುಂಚೆ ಯಾವುದು ಅಂತ ಆಲ್ಬಮ್ ಮಾಡುವವರು ಕೂತು ಯೋಚಿಸುತ್ತಿದ್ದರು. ಪಿಂಕ್ ಫ್ಲಾಯ್ಡ್ ಬ್ಯಾಂಡ್‌ನವರ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಶುರುವಾಗುವುದೂ ಎದೆಬಡಿತದಿಂದ, ಮುಗಿಯುವುದೂ ಎದೆಬಡಿತದಿಂದಲೇ. ಹಾಡುಗಳನ್ನು ಕಲಸಿ ಹಾಕಿದರೆ ಅದು ಯಾರಿಗೆ ತಿಳಿಯುತ್ತದೆ?

ದುಡ್ಡು ಕೊಟ್ಟರೆ ಇದೆಲ್ಲ ಸರಿಹೋಗುತ್ತದಂತೆ. ಹಾಡನ್ನು ಅದು ಇದ್ದ ಹಾಗೆ ಕೇಳುವುದಕ್ಕೂ ಜಾಸ್ತಿ ಕಾಸು ಕೊಡಬೇಕಾ? ತುಂಬಾ ಬೇಜಾರಾಗುತ್ತದೆ.