ಗಾಣದ ಪಕ್ಕದಲ್ಲಿ ಕೂತು ಬರೆದ ಪುಟಗಳು

ತುಮಕೂರಿನಲ್ಲಿ ನಮ್ಮದೊಂದು ಎಣ್ಣೆ ಗಾಣವಿದೆ. ಮೋಟಾರಿನಿಂದ ತಿರುಗುವ ಎರಡು ಮರದ ಗಾಣ, ಮುಂದೊಂದು ಚಿಕ್ಕ ಅಂಗಡಿ, ಕೆಲಸಕ್ಕೆ ನಾನು, ನನ್ನ ಹೆಂಡತಿ ಮತ್ತು ಬೀಜ ಆರಿಸಲು ಬರುವ ಇಬ್ಬರು ಹೆಂಗಸರು. ಮೂರು ವರ್ಷಗಳಿಂದ ನಾನು ವಾರಕ್ಕೊಂದು ಪುಟದಂತೆ ನಮ್ಮ ಕಸುಬಿನ ಬಗ್ಗೆ ಬರೆದು, ಎಣ್ಣೆಯ ಜೊತೆ ಗಿರಾಕಿಗಳ ಕೈಗೆ ಕೊಡುತ್ತಿದ್ದೇನೆ. ಸಣ್ಣಪುಟ್ಟ ವ್ಯಾಪಾರ ಮಾಡುವ ಸ್ನೇಹಿತರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಬರೆಯುವುದರಿಂದ ವ್ಯಾಪಾರ ಹೆಚ್ಚುತ್ತದೆಯೇ? ಅದಕ್ಕೆ ಸರಿಯಾದ ಉತ್ತರ ಕೊಡಬೇಕೆಂದರೆ ನಡೆದದ್ದನ್ನೆಲ್ಲ ಹೇಳಬೇಕಾಗುತ್ತದೆ.

ನಾನು ಬರೆಯಲು ಕೂತದ್ದು ಜಾಹೀರಾತಿನ ಆಸೆಯಿಂದಲೇ. ಮೊದಲ ನಾಲ್ಕೈದು ಪುಟಗಳನ್ನು ಈಗ ಓದಿದರೆ ಬೇಸರವಾಗುತ್ತದೆ. ಗಾಣದ ಎಣ್ಣೆ ಮಂಡಿನೋವಿಗೆ ಒಳ್ಳೆಯದು, ಸಕ್ಕರೆ ಕಾಯಿಲೆಯನ್ನು ಹತೋಟಿಗೆ ತರುತ್ತದೆ, ಇದರಲ್ಲಿ ಕೊಲೆಸ್ಟರಾಲ್ ಇಲ್ಲ ಎಂದೆಲ್ಲ ಮೊಬೈಲಿಗೆ ಬಂದ ಸಂದೇಶಗಳಿಂದ ಎತ್ತಿ ಬರೆದಿದ್ದೆ. ತಿಂಗಳಿಗೆ ಎರಡು ಲೀಟರ್ ಒಯ್ಯುವ ನಿವೃತ್ತ ಮೇಷ್ಟ್ರೊಬ್ಬರು ಆ ಪುಟವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದು, "ಇದರಿಂದ ಯಾರಿಗೆ ವಾಸಿಯಾಗಿದ್ದನ್ನು ನೀನು ಕಂಡಿದ್ದೀಯಪ್ಪ?" ಎಂದು ಕೇಳಿದರು. ನಾನು ಕಂಡಿರಲಿಲ್ಲ. "ನೋಡಿಲ್ಲ ಸಾರ್" ಎಂದೆ. ಅವರು ಮತ್ತೇನೂ ಹೇಳದೆ ಎಣ್ಣೆ ತೆಗೆದುಕೊಂಡು ಹೋದರು.

ಆ ರಾತ್ರಿ ಕೂತು ಓದತೊಡಗಿದೆ. ಆಹಾರ ಪದಾರ್ಥವೊಂದು ರೋಗ ವಾಸಿ ಮಾಡುತ್ತದೆ ಎಂದು ಹೇಳಿ ಮಾರುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳು ನಿಷೇಧಿಸಿವೆ ಎಂಬುದು ಗೊತ್ತಾಯಿತು. ಕೊಲೆಸ್ಟರಾಲ್ ಪ್ರಾಣಿಜನ್ಯ ಆಹಾರದಲ್ಲಿರುವಂಥದ್ದು, ಯಾವ ಸಸ್ಯದ ಎಣ್ಣೆಯಲ್ಲೂ ಅದು ಇಲ್ಲವೆನ್ನುವಷ್ಟು ಕಡಿಮೆ. ಹಾಗಿರುವಾಗ ನಮ್ಮ ಎಣ್ಣೆಯಲ್ಲಿ ಇಲ್ಲ ಎನ್ನುವುದು ವಿಶೇಷದ ಮಾತೇ ಅಲ್ಲ. 'ಕೋಲ್ಡ್ ಪ್ರೆಸ್', ಅಂದರೆ ಕಾಯಿಸದೆ ತೆಗೆದ ಎಣ್ಣೆ ಎಂದು ಬಾಟಲಿಯ ಮೇಲೆ ಅಚ್ಚು ಹಾಕಿಸಿದ್ದ ನಾನು ಅಂದಿನವರೆಗೂ ಗಾಣದೊಳಗಿನ ಶಾಖವನ್ನು ಅಳೆದಿರಲಿಲ್ಲ. ಮರುದಿನ ಥರ್ಮಾಮೀಟರ್ ಇಟ್ಟು ನೋಡಿದಾಗ, ತಿಕ್ಕಾಟದಿಂದಲೇ 45 ಡಿಗ್ರಿಯ ಆಸುಪಾಸಿಗೆ ಏರಿತ್ತು. 200 ಡಿಗ್ರಿಗೂ ಮೇಲೆ ಕಾಯಿಸಿ ವಾಸನೆ ತೆಗೆಯುವ ರಿಫೈನ್ಡ್ ಎಣ್ಣೆಗೆ ಹೋಲಿಸಿದರೆ ಇದು ತಣ್ಣಗೇ ಸರಿ, ಆದರೆ ಆ ಸಂಖ್ಯೆ ಗೊತ್ತಿಲ್ಲದೆ ಹತ್ತು ವರ್ಷ ಅದೇ ಮಾತನ್ನು ಹೇಳಿಕೊಂಡು ಮಾರಿದ್ದೆನಲ್ಲ ಎಂಬುದು ನನ್ನನ್ನು ಬಹಳ ದಿನ ಕಾಡಿತು. ಬಾಯಿಮಾತಿನಲ್ಲಿ ಹೇಳಿದ್ದು ಹೇಳಿದ ಕೂಡಲೇ ಕರಗಿಹೋಗುತ್ತದೆ, ಕಾಗದದ ಮೇಲೆ ಬರೆದದ್ದನ್ನು ಮಾತ್ರ ಯಾರಾದರೂ ಹೀಗೆ ಮಡಚಿಕೊಂಡು ಬಂದು ಮುಂದಿಡುತ್ತಾರೆ.

ಸಮಯ ಎಲ್ಲಿಂದ ಬರುತ್ತದೆ ಎಂದು ಕೇಳುವವರಿಗೆ ಚಿಕ್ಕ ಉತ್ತರವಿದೆ. ಗಾಣಕ್ಕೆ ಒಂದು ಒಬ್ಬೆ ಬೀಜ ಸುರಿದರೆ ಎಣ್ಣೆ ಬಿಟ್ಟು ಹಿಂಡಿ ಆಗಲು ಮುಕ್ಕಾಲು ಗಂಟೆಯ ಮೇಲೆ ಬೇಕು. ಅಷ್ಟು ಹೊತ್ತು ಬಿಟ್ಟು ಹೋಗುವಂತಿಲ್ಲ, ಕೈಗೆ ಮಾತ್ರ ಹೆಚ್ಚು ಕೆಲಸವಿಲ್ಲ. ಬೆಳಗಿನ ಮೊದಲ ಒಬ್ಬೆ ನನ್ನ ಬರವಣಿಗೆಯ ಹೊತ್ತು.

ನನಗೆ ಅತ್ಯಂತ ಕಷ್ಟವಾದದ್ದು ನೀರಿನ ಪುಟ. ಕಡಲೆಬೀಜ ಅರೆಯುವಾಗ ನಡುವೆ ಸ್ವಲ್ಪ ನೀರು ಚಿಮುಕಿಸುತ್ತೇವೆ. ಗಾಣದವರಿಗೆಲ್ಲ ಗೊತ್ತಿರುವ ವಿಷಯವಿದು. ಗಿರಾಕಿ ಬಂದಾಗ ನೀರಿನ ತಂಬಿಗೆಯನ್ನು ಮರೆಗೆ ಸರಿಸುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು, ಏಕೆಂದರೆ ಎಣ್ಣೆಗೆ ನೀರು ಎಂದೊಡನೆ ಎಲ್ಲರಿಗೂ ಹೊಳೆಯುವುದು ಕಲಬೆರಕೆ. ಅದನ್ನು ಬರೆಯಬೇಕೆಂದು ಹೊರಟಾಗ, ಏಕೆ ಚಿಮುಕಿಸುತ್ತೇವೆ ಎಂಬುದಕ್ಕೆ ನನ್ನ ಬಳಿ ಇದ್ದ ಉತ್ತರ 'ಅಪ್ಪ ಹಾಗೆ ಮಾಡುತ್ತಿದ್ದರು' ಎಂಬುದಷ್ಟೇ. ಕೊಳ್ಳೇಗಾಲದಲ್ಲಿ ಹುಟ್ಟಿದ ಎಣ್ಣೆ ವಿಜ್ಞಾನಿ ಕೆ. ಟಿ. ಅಚಯ ಅವರು ಭಾರತದ ಗಾಣಗಳ ಮೇಲೆಯೇ ಒಂದು ಇಡೀ ಪುಸ್ತಕ ಬರೆದಿದ್ದಾರೆಂದು ನನಗೆ ತಿಳಿದದ್ದು ಈ ಹುಡುಕಾಟದಲ್ಲಿಯೇ. ಅರೆದ ಬೀಜದ ಪುಡಿ ನೀರನ್ನು ಹೀರಿಕೊಂಡು ಉಂಡೆಗಟ್ಟುತ್ತದೆ, ಹಾಗೆ ಗಟ್ಟಿಯಾಗುವಾಗ ಎಣ್ಣೆ ಬೇರ್ಪಟ್ಟು ಹೊರಬರುತ್ತದೆ. ನೀರಿಲ್ಲದಿದ್ದರೆ ಎಣ್ಣೆ ಪುಡಿಯಲ್ಲೇ ನಿಂತುಬಿಡುತ್ತದೆ. ಚಿಮುಕಿಸಿದ ನೀರಿನ ಬಹುಪಾಲು ಹಿಂಡಿಯಲ್ಲಿ ಉಳಿಯುತ್ತದೆ, ಎಣ್ಣೆಗೆ ಬಂದ ಅಲ್ಪ ತೇವ ಮೂರು ದಿನ ಬಿಸಿಲಿಗಿಟ್ಟಾಗ ಮಡ್ಡಿಯ ಜೊತೆ ತಳಕ್ಕಿಳಿಯುತ್ತದೆ. ಈ ಮೂರು ದಿನದ ಬಿಸಿಲನ್ನು ಅವಸರದಲ್ಲಿ ಒಂದು ದಿನಕ್ಕೆ ಇಳಿಸಿದರೆ ಎಣ್ಣೆ ಬೇಗ ಮುಗ್ಗುತ್ತದೆ. ಇಷ್ಟನ್ನೂ ಬರೆದು, ತಂಬಿಗೆಯನ್ನು ಎಲ್ಲರಿಗೂ ಕಾಣುವಂತೆ ಗಾಣದ ಪಕ್ಕದಲ್ಲೇ ಇಟ್ಟೆ. ಕೆಲವರು ಎಣ್ಣೆ ಒಯ್ಯುವುದನ್ನು ನಿಲ್ಲಿಸಿದರು. ಉಳಿದವರು ಮಡ್ಡಿ ಕಂಡಾಗ ಹೆದರದೆ, ಬಾಟಲಿ ಅಲುಗಿಸದೆ ಬಗ್ಗಿಸಿಕೊಳ್ಳುವುದನ್ನು ಕಲಿತರು.

ಬೆಲೆಯ ಪುಟ ಬರೆದಾಗ ದೊಡ್ಡ ಮಿಲ್ಲುಗಳ ಮೇಲಿದ್ದ ನನ್ನ ಸಿಟ್ಟು ಕರಗಿತು. ನಮ್ಮ ಗಾಣದಲ್ಲಿ 100 ಕಿಲೋ ಕಡಲೆಬೀಜಕ್ಕೆ 40 ಕಿಲೋ ಎಣ್ಣೆ ಸಿಗುತ್ತದೆ. ಲೀಟರ್ ಎಣ್ಣೆಯ ತೂಕ 910 ಗ್ರಾಂ ಆಸುಪಾಸು ಇರುವುದರಿಂದ ಅದು 44 ಲೀಟರ್ ಆಯಿತು. ಬೀಜ ಕಿಲೋಗೆ 120 ರೂಪಾಯಿ ಎಂದಿಟ್ಟುಕೊಂಡರೆ ಲೀಟರಿಗೆ ಬೀಜದ ಖರ್ಚೇ 270 ದಾಟುತ್ತದೆ. ಹಿಂಡಿ ಮಾರಿದ ಹಣ ಕಳೆದರೂ 220ರ ಸುಮಾರು ನಿಲ್ಲುತ್ತದೆ. ಕರೆಂಟು, ಕೂಲಿ, ಬಾಟಲಿ ಇದರ ಮೇಲೆ. ನಮ್ಮ ಹಿಂಡಿಯಲ್ಲಿ ಶೇ. 10ಕ್ಕೂ ಹೆಚ್ಚು ಎಣ್ಣೆ ಉಳಿದುಬಿಡುತ್ತದೆ. ಹೆಕ್ಸೇನ್ ಎಂಬ ದ್ರಾವಕ ಬಳಸುವ ಕಾರ್ಖಾನೆಗಳು ಅದನ್ನು ಶೇ. 1ಕ್ಕಿಂತ ಕೆಳಗೆ ಇಳಿಸುತ್ತವೆ. ಅವರ ಎಣ್ಣೆ ಅಗ್ಗವಾಗಿರುವುದಕ್ಕೆ ಇದೂ ಒಂದು ಕಾರಣ. ಅಗ್ಗವಾದದ್ದೆಲ್ಲ ಕಲಬೆರಕೆ ಎಂದು ಅಲ್ಲಿಯವರೆಗೆ ನಾನು ಹೇಳುತ್ತಿದ್ದದ್ದು ತಪ್ಪಾಗಿತ್ತು, ಹಾಗೆಂದು ಅದೇ ಪುಟದಲ್ಲಿ ಬರೆದೆ. ಲೆಕ್ಕ ಬಿಚ್ಚಿಟ್ಟ ಮೇಲೆ ಚೌಕಾಸಿ ಕಡಿಮೆಯಾಯಿತು. ಹಸು ಕಟ್ಟಿದವರು ಮಾತ್ರ ಎಣ್ಣೆ ಬಿಟ್ಟು ಹಿಂಡಿಯನ್ನೇ ಹೆಚ್ಚು ಕೇಳತೊಡಗಿದರು.

ಆದರೆ ಬರವಣಿಗೆ ನನ್ನ ಕೈ ಕಟ್ಟಿಹಾಕಿದ್ದು ಮುಗ್ಗಿದ ಬೀಜದ ವಿಷಯದಲ್ಲಿ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಕಡಲೆಕಾಯಿಗೆ ಬೂಷ್ಟು ಬರುತ್ತದೆ, ಕೆಲವು ಬೂಷ್ಟುಗಳು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ, ಅದು ಯಕೃತ್ತಿಗೆ ಕೇಡು. ರಿಫೈನರಿಯಲ್ಲಿ ಎಣ್ಣೆಯನ್ನು ಕ್ಷಾರ ಬೆರೆಸಿ ಶುದ್ಧಮಾಡುವ ಹಂತದಲ್ಲಿ ಅದು ಬಹುಮಟ್ಟಿಗೆ ಹೋಗುತ್ತದೆ. ಗಾಣದ ಎಣ್ಣೆಗೆ ಆ ಹಂತವೇ ಇಲ್ಲದಿರುವುದರಿಂದ ಒಳ್ಳೆಯ ಬೀಜ ಕೊಂಡು, ಒಣಗಿಸಿ, ಕಪ್ಪಾದದ್ದನ್ನು ಕೈಯಲ್ಲಿ ಆರಿಸಿ ತೆಗೆಯುವುದೇ ನಮಗಿರುವ ಮುಖ್ಯ ದಾರಿ. ಗಾಣದ ಎಣ್ಣೆ ಎಂದಮಾತ್ರಕ್ಕೆ ಒಳ್ಳೆಯದಲ್ಲ ಎಂದು ಗಾಣದವನೇ ಬರೆಯುವುದು ಸುಲಭವಲ್ಲ. ಬರೆದೆ, 'ನಾವು ಪ್ರತಿ ಮೂಟೆಯನ್ನೂ ಆರಿಸುತ್ತೇವೆ' ಎಂದೂ ಸೇರಿಸಿದೆ.

ಆ ವರ್ಷ ದೀಪಾವಳಿಯ ಹಿಂದಿನ ವಾರ ಎಣ್ಣೆಗೆ ಬೇಡಿಕೆ ಮಿತಿಮೀರಿತ್ತು. ಆರಿಸುವ ಹೆಂಗಸರಲ್ಲಿ ಒಬ್ಬರು ಊರಿಗೆ ಹೋಗಿದ್ದರು. ಪಾವಗಡದ ಕಡೆಯಿಂದ ಬಂದ ಮೂಟೆಗಳು ಮೇಲ್ನೋಟಕ್ಕೆ ಚೆನ್ನಾಗಿಯೇ ಇದ್ದವು, ಹಾಗೇ ಸುರಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸುರಿಯಲು ಎತ್ತಿದ ಮೂಟೆಯನ್ನು ಕೆಳಗಿಟ್ಟೆ. ಗೋಡೆಯ ಮೇಲೆ ನನ್ನದೇ ಕೈಬರಹದ ಪುಟ ಅಂಟಿಸಿತ್ತು. ನಾನೂ ನನ್ನ ಹೆಂಡತಿಯೂ ರಾತ್ರಿ ಒಂದು ಗಂಟೆಯವರೆಗೆ ಕೂತು ಆರಿಸಿದೆವು. ಮರುದಿನ ಬಂದವರಲ್ಲಿ ಅರ್ಧದಷ್ಟು ಜನರಿಗೆ ಎಣ್ಣೆ ಇಲ್ಲ ಎಂದು ಹೇಳಬೇಕಾಯಿತು. ಮೊದಲಾಗಿದ್ದರೆ ನಾನು ಆ ಮೂಟೆಯನ್ನು ಸುರಿದೇ ಸುರಿಯುತ್ತಿದ್ದೆ.

ವ್ಯಾಪಾರ ಹೆಚ್ಚಿತೇ ಎಂಬ ಪ್ರಶ್ನೆಗೆ ಮರಳುತ್ತೇನೆ. ಮೊದಲ ವರ್ಷ ಕಡಿಮೆಯಾಯಿತು, ಎರಡನೆಯ ವರ್ಷ ಮೊದಲಿನಷ್ಟಕ್ಕೆ ಬಂತು, ಈಗ ಸ್ವಲ್ಪ ಹೆಚ್ಚಿದೆ; ಅದು ಬರಹದಿಂದಲೋ ಜನ ಗಾಣದ ಎಣ್ಣೆಯತ್ತ ತಿರುಗಿರುವುದರಿಂದಲೋ ಬಿಡಿಸಿ ಹೇಳಲಾರೆ. ಹಬ್ಬದ ಶುಭಾಶಯ, ರಿಯಾಯಿತಿ, 'ಉತ್ಕೃಷ್ಟ ಗುಣಮಟ್ಟ' ಎಂದೆಲ್ಲ ಬರೆದ ಪುಟಗಳ ಬಗ್ಗೆ ಇಷ್ಟು ದಿನದಲ್ಲಿ ಒಬ್ಬರೂ ನನ್ನೊಡನೆ ಮಾತಾಡಿಲ್ಲ ಎಂಬುದು ಮಾತ್ರ ನಿಶ್ಚಿತ. ಮಾತು ಬೆಳೆದದ್ದು ಮಡ್ಡಿ, ಹಿಂಡಿ, ತಂಬಿಗೆಯ ನೀರಿನ ಪುಟಗಳಿಂದ.

ಈ ವಾರದ ಪುಟ ಇನ್ನೂ ಖಾಲಿ ಇದೆ. ಕರಿದ ಎಣ್ಣೆಯನ್ನು ಎಷ್ಟು ಸಲ ಬಳಸಬಹುದು ಎಂದು ಒಬ್ಬ ತಾಯಿ ಕೇಳಿದ್ದಾರೆ. ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆ ಕೆಟ್ಟು ಅದರಲ್ಲಿ ಹೆಚ್ಚುವ ಪದಾರ್ಥಗಳು (ಧ್ರುವೀಯ ಸಂಯುಕ್ತಗಳು) ಶೇ. 25 ಮೀರಿದರೆ ಅದನ್ನು ಬಳಸಬಾರದೆಂದು 2018ರ ಜುಲೈಯಿಂದ ನಿಯಮವಿದೆ. ನಮ್ಮಲ್ಲಿ ವಾರಕ್ಕೆ 15 ಲೀಟರ್ ಕೊಳ್ಳುವವರು ಬೀದಿಯ ಕೊನೆಯಲ್ಲಿ ಬೋಂಡ ಹಾಕುವ ಅಣ್ಣ, ಅವರ ಬಾಣಲೆಯ ಎಣ್ಣೆಯನ್ನು ನಾನು ದಿನವೂ ನೋಡುತ್ತೇನೆ. ಅವರಿಗೆ ಹೇಳದೆ ಅದನ್ನು ಬರೆಯುವುದು ನನಗೆ ಸರಿ ಕಾಣುತ್ತಿಲ್ಲ. ನಾಳೆ ಸಂಜೆ ಗಿರಾಕಿಗಳು ಕಡಿಮೆಯಾದ ಮೇಲೆ ಮೊದಲು ಅವರ ಬಳಿ ಹೋಗಿ ಕೂತು ಮಾತಾಡುತ್ತೇನೆ.