ರಾಮ ದರ್ಬಾರ್ ‘ಕಂಪನಿ ನಾಣ್ಯ’ಕ್ಕೆ ಲಕ್ಷ ರೂಪಾಯಿ? ಸತ್ಯಾಂಶ ಇಲ್ಲಿದೆ

ಒಂದು ಬದಿ ರಾಮ, ಸೀತೆ, ಲಕ್ಷ್ಮಣ, ಹನುಮಂತ. ಇನ್ನೊಂದು ಬದಿ ‘ಈಸ್ಟ್ ಇಂಡಿಯಾ ಕಂಪನಿ, ಒಂದು ಆಣೆ, 1818’. ಇಂಥ ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆ ಎಂಬ ಸಂದೇಶ ಕಾರವಾರ, ಶಿರಸಿಯ ವಾಟ್ಸಾಪ್ ಗುಂಪುಗಳಲ್ಲೂ ಸುತ್ತುತ್ತಿದೆ.

ಇದು ಸುಳ್ಳು. ಕಂಪನಿ ಇಂಥ ನಾಣ್ಯ ಹೊರಡಿಸಿಯೇ ಇಲ್ಲ. ಇವು ಪೂಜೆಗೆಂದು ಮಾಡಿದ ಬಿಲ್ಲೆಗಳು.

1818ರಲ್ಲಿ ನಮ್ಮ ಉತ್ತರ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದು 1862ರಲ್ಲಿ. ಮದ್ರಾಸಿಗೆಂದು ಕಂಪನಿ ತಂದ 1808ರ ತಾಮ್ರದ ಹತ್ತು ಕ್ಯಾಷ್ (ಆಗಿನ ಚಿಲ್ಲರೆ ಹಣದ ಲೆಕ್ಕ) ನಾಣ್ಯ ನೋಡಿ. ಒಂದು ಬದಿ ಎರಡು ಸಿಂಹ ಹಿಡಿದ ಕಂಪನಿಯ ಲಾಂಛನ, ಅದರಡಿ ಇಸವಿ. ಇನ್ನೊಂದು ಬದಿ ಪರ್ಷಿಯನ್ ಬರಹ. ಹಾಗಂತ ಕಂಪನಿ ದೇವರ ಚಿತ್ರ ಹಾಕಲೇ ಇಲ್ಲ ಎಂದಲ್ಲ. ಮದ್ರಾಸಿನ ಚಿನ್ನದ ವರಹದ ಮೇಲೆ ವಿಷ್ಣು ಇದ್ದಾನೆ. ಆದರೆ ಬ್ರಿಟಿಷ್ ಭಾರತದ ಒಂದಾಣೆ ನಾಣ್ಯ ಚಲಾವಣೆಗೆ ಬಂದದ್ದು 20ನೇ ಶತಮಾನದಲ್ಲಿ, ಏಳನೇ ಎಡ್ವರ್ಡ್ ಕಾಲದಲ್ಲಿ.

ಇಂಥ ನಾಣ್ಯ ಅಯಸ್ಕಾಂತದಂತೆ ‘ಅಕ್ಕಿ ಎಳೆಯುತ್ತದೆ’ ಎಂಬ ಮಾತೂ ಸುಳ್ಳೇ. ತಾಮ್ರಕ್ಕೆ ಆ ಗುಣ ಇಲ್ಲ. ನಾಣ್ಯದ ಪರೀಕ್ಷೆಗೆಂದು ಯಾರಾದರೂ ಮುಂಗಡ ಹಣ ಕೇಳಿದರೆ ಕೊಡಬೇಡಿ.

ಹಳೆಯ ವಸ್ತು ಕೂಡಿಡುವ ಆಸೆ ಇದ್ದರೆ ನಮ್ಮ ಜಿಲ್ಲೆಯಲ್ಲೇ ಎಷ್ಟು ಚಂದದ್ದಿದೆ ಅಲ್ವಾ! ಶಿರಸಿ, ಕುಮಟಾದ ಗುಡಿಗಾರರು 19ನೇ ಶತಮಾನದಲ್ಲಿ ಕೆತ್ತಿದ ಗಂಧದ ಪೆಟ್ಟಿಗೆಗಳು ವಿದೇಶದ ಮ್ಯೂಸಿಯಂಗಳಲ್ಲೂ ಇವೆ. ಬಳ್ಳಿಯ ನಡುವೆ ಹಕ್ಕಿ, ಪ್ರಾಣಿ, ದೇವರು, ಖಾಲಿ ಜಾಗವೇ ಸಿಗದಷ್ಟು ಒತ್ತಾದ ಕೆತ್ತನೆ. ಅಂಥದ್ದು ಮನೆಯಲ್ಲಿದ್ದರೆ ಸುಮ್ನೆ ವಾರ್ನಿಷ್ ಬಳಿಯಬೇಡಿ, ಒಣ ಬ್ರಷ್‌ನಿಂದ ಧೂಳು ತೆಗೆದರೆ ಸಾಕು. ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯಾಗಿ ವಿದೇಶಕ್ಕೆ ಕಳಿಸಲು 1972ರ ಪ್ರಾಚ್ಯವಸ್ತು ಕಾಯ್ದೆ ಬಿಡುವುದಿಲ್ಲ.