ಹೂವು ಅವರಿಗೆ, ದಂಟು ನನಗೆ

ಇವತ್ತು ಬೆಳಿಗ್ಗೆ ಹಾಲಿನ ಪ್ಯಾಕೆಟ್ ತೆಗೆದುಕೊಳ್ಳೋಣ ಅಂತ ಬಾಗಿಲು ತೆಗೆದರೆ, ಕಾಂಪೌಂಡಿನ ಪಕ್ಕ ಬರೀ ದಂಟುಗಳು ನಿಂತಿದ್ದವು. ಎಲೆ ಇದೆ, ದಂಟು ಇದೆ, ಮೇಲೆ ಇರಬೇಕಾದ ಜಿನ್ನಿಯಾ ಹೂವುಗಳಿಲ್ಲ. ನಿನ್ನೆ ಸಂಜೆ ಕೆಂಪು, ಕಿತ್ತಳೆ, ರಾಣಿ ಬಣ್ಣ ಎಲ್ಲ ಅಲ್ಲೇ ಇದ್ದವು. ಭಾನುವಾರ ನಾದಿನಿ ಮಗಳ ನಿಶ್ಚಿತಾರ್ಥ. "ಬೊಕೆಗೆ ದುಡ್ಡು ಸುರೀಬೇಡಿ, ಹೂದಾನಿ ಪೂರ್ತಿ ನಂದು" ಅಂತ ಎಲ್ಲರ ಮುಂದೆ ಹೇಳಿ ಬಂದಿದ್ದೆ. ನಮ್ಮನೆಯವರು ಪೇಪರಿನಿಂದ ತಲೆ ಎತ್ತದೆ, "ಆ ದಂಟಲ್ಲಿ ಸಾರು ಮಾಡಬಹುದಾ?" ಅಂದರು. ಅವರಿಗೆ ಇವತ್ತು ಎರಡನೇ ಕಾಫಿ ಸಿಗಲಿಲ್ಲ.

ಕಿತ್ತವರು ಯಾರು ಅಂತ ಪತ್ತೆ ಹಚ್ಚೋ ಕಷ್ಟವೇನೂ ಇಲ್ಲ. ಎದುರುಮನೆ ರಾಯರು. ಮಂಕಿ ಕ್ಯಾಪು, ಶಾಲು, ಒಂದು ಕೈಯಲ್ಲಿ ಸ್ವೀಟ್ ಅಂಗಡಿಯ ಪ್ಲಾಸ್ಟಿಕ್ ಕವರು, ಇನ್ನೊಂದರಲ್ಲಿ ತುದಿಗೆ ಕೊಕ್ಕೆ ಕಟ್ಟಿದ ಕೋಲು. ನಾವಿರೋದು ಮೈಸೂರಿನಲ್ಲಿ. ನೀವು ಯಾವ ಊರಿನ ಯಾವ ಬಡಾವಣೆಯಲ್ಲಿದ್ದರೂ ಸರಿ, ನಿಮ್ಮ ಬೀದಿಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಡಾಕ್ಟರು ಅವರಿಗೆ ವಾಕಿಂಗ್ ಮಾಡಿ ಅಂದಿರುತ್ತಾರೆ. ಕವರ್ ಹಿಡ್ಕೊಂಡು ಹೋಗಿ ಅಂತ ಯಾವ ಡಾಕ್ಟರೂ ಬರೆದುಕೊಟ್ಟಿರಲ್ಲ.

ದಾಸವಾಳ, ನಂದಿಬಟ್ಟಲು, ಕಣಗಿಲೆ ಕಿತ್ತುಕೊಂಡು ಹೋಗಲಿ, ನನ್ನ ತಕರಾರಿಲ್ಲ. ಒಂದೆರಡು ಸಲ ಕೇಳಿಯೂ ನೋಡಿದ್ದೇನೆ. "ದೇವರಿಗೆ ತಾನೇ ಅಮ್ಮಾ? ಹೂವು ನಿಮ್ಮದು, ಪೂಜೆ ನಂದು, ಅರ್ಧ ಪುಣ್ಯ ನಿಮ್ಮ ಅಕೌಂಟಿಗೇ ಬೀಳುತ್ತೆ" ಅಂದರು. ಅಕೌಂಟಿನಲ್ಲಿ ಎಷ್ಟು ಜಮಾ ಆಗಿದೆಯೋ, ಪಾಸ್‌ಬುಕ್ ಯಾರೂ ಕೊಟ್ಟಿಲ್ಲ. ಜಿನ್ನಿಯಾಗೆ ವಾಸನೆಯೇ ಇಲ್ಲವಲ್ಲ ಅಂಕಲ್, ದೇವರಿಗೆ ಆಗುತ್ತಾ ಅಂತ ಒಂದು ಕಲ್ಲು ಎಸೆದೆ. "ಬಣ್ಣ ಇದೆಯಲ್ಲಮ್ಮಾ!" ಅಂತ ಅದನ್ನೂ ಕವರಿಗೆ ಹಾಕಿಕೊಂಡರು.

ನಮ್ಮ ಕಡೆ ಹೂವು ಅಂದರೆ ತಲೆ ಮಾತ್ರ. ದೇವರಾಜ ಮಾರ್ಕೆಟ್ಟಿಗೆ ಹೋಗಿ ನೋಡಿ, ಕಟ್ಟಿದ ಹೂವು ಮಾರು ಲೆಕ್ಕ, ಬಿಡಿ ಹೂವು ತೂಕದ ಲೆಕ್ಕ. ದೇವರ ತಲೆ ಮೇಲೆ, ಹೆಂಗಸರ ಜಡೆಯಲ್ಲಿ, ಬಾಗಿಲ ತೋರಣದಲ್ಲಿ ದಂಟಿಗೆ ಏನು ಕೆಲಸ? ಆದರೆ ಹೂದಾನಿಗೆ ದಂಟೇ ಮುಖ್ಯ. ಮೊಳದುದ್ದ ದಂಟಿಲ್ಲದಿದ್ದರೆ ಎಂಥ ಜಿನ್ನಿಯಾ ಆದರೂ ನೀರಿನೊಳಗೆ ಮುಳುಗಿ ಕೂರುತ್ತದೆ. ಆ ಒಂದು ಮೊಳಕ್ಕಾಗಿ ಏನೆಲ್ಲ ಮಾಡಬೇಕು ಅಂತ ಹೇಳಿದರೆ ನೀವೂ ನನ್ನ ಪರ ಒಂದು ಮಾತು ಆಡುತ್ತೀರಿ.

ಬೀಜ ಹಾಕೋದು ಸುಲಭ. ಬಾಣದ ತುದಿಯ ಆಕಾರದ ಕಂದು ಬೀಜ, ಬಿಸಿಲಿದ್ದರೆ ವಾರದೊಳಗೆ ಮೊಳಕೆ ಬಂದೇಬಿಡುತ್ತದೆ. ಹೂವಿಗೆ ಸುಮಾರು ಎರಡು ತಿಂಗಳು. ಹಾಗಾಗಿ ದಸರಾಗೆ ಹೂವು ಬೇಕಾದರೆ ಜುಲೈ ಮುಗಿಯೋದರೊಳಗೆ ಬೀಜ ಮಣ್ಣು ಸೇರಬೇಕು. ಕುಪ್ಪಣ್ಣ ಪಾರ್ಕಿನ ದಸರಾ ಫ್ಲವರ್ ಶೋ ನೋಡಿ ಬಂದು ಮಾರನೇ ದಿನ ಬೀಜ ಹುಡುಕೋರೇ ಜಾಸ್ತಿ, ಅದು ಬೇರೆ ವಿಷಯ.

ಗಿಡ ಒಂದು ಗೇಣು ದಾಟಿ ಹುಮ್ಮಸ್ಸಿನಿಂದ ಮೇಲೇಳುವಾಗ ಅದರ ನಡು ಕುಡಿಯನ್ನು ಚಿವುಟಬೇಕು. ಚಿವುಟಿದರೆ ಪಕ್ಕದಿಂದ ಕವಲು ಒಡೆದು, ಒಂದು ಹೂವಿನ ಜಾಗದಲ್ಲಿ ಹಲವು ದಂಟು ಸಿಗುತ್ತವೆ. ಇದನ್ನು ಅತ್ತೆಗೆ ಹೇಳೋ ಧೈರ್ಯ ಯಾರಿಗಿದೆ? ನಾನು ಕತ್ತರಿ ಹಿಡಿದು ಬಗ್ಗಿದ್ದೇ ತಡ, ಹಜಾರದ ಕಿಟಕಿಯಿಂದ ಕೂಗು ಬಂತು. "ಮೊಗ್ಗು ಬಂದಿದೆಯಲ್ಲೇ ಅದರಲ್ಲಿ! ತುಂಬಿದ ಗಿಡಕ್ಕೆ ಕತ್ತರಿ ಹಾಕ್ತಾರೇನೇ?" ಹೂವು ಕೊಯ್ಯುವಾಗಲೂ ಇದೇ ರಗಳೆ. ಉದ್ದ ದಂಟು ಬೇಕಾದರೆ ಗಿಡದ ಒಳಗೆ ಕೈಹಾಕಿ, ಕೆಳಗಿನ ಗೆಣ್ಣಿನ ಮೇಲೆ ಕತ್ತರಿಸಬೇಕು. ಪಕ್ಕದ ಎರಡು ಮೊಗ್ಗು ಅದರ ಜೊತೆ ಹೋಗುತ್ತವೆ. ಹೋಗಲಿ, ಮುಂದಿನ ದಂಟು ಬುಡದಿಂದ ಇನ್ನೂ ಉದ್ದ ಬರುತ್ತದೆ. ಅತ್ತೆಯ ಲೆಕ್ಕದಲ್ಲಿ ಮಾತ್ರ ಅದು ಎರಡು ಮೊಗ್ಗಿನ ಕೊಲೆ. ಆಮೇಲೆ ಇಡೀ ದಿನ ಸಾರಿಗೆ ಉಪ್ಪು ಜಾಸ್ತಿ ಅನಿಸುತ್ತಿರುತ್ತದೆ ಅವರಿಗೆ.

ಕೊಯ್ಯೋ ಹೊತ್ತೂ ಅಷ್ಟೇ ತಲೆನೋವು. ಇಬ್ಬನಿ ಆರಿರಬೇಕು, ಒದ್ದೆ ಹೂವು ಕೊಯ್ದರೆ ಎಸಳಿನ ಮೇಲೆ ಕಲೆ. ಬಿಸಿಲು ಏರಿರಬಾರದು, ಏರಿದರೆ ಹೂವು ಬಾಡುತ್ತದೆ. ನಡುವೆ ಸಿಗೋ ಆ ಹೊತ್ತು ಯಾವುದು ಗೊತ್ತಾ? ಕುಕ್ಕರ್ ಮೂರನೇ ವಿಷಲ್ ಹಾಕೋ ಹೊತ್ತು. ಮಗಳ ಸ್ಕೂಲ್ ವ್ಯಾನು ಹಾರ್ನ್ ಹೊಡೆಯೋ ಹೊತ್ತು. ಕಾರ್ಪೊರೇಷನ್ ನೀರು ಬಂದು ಸಂಪು ತುಂಬಿ ಹರಿಯೋ ಹೊತ್ತು. ರಾಯರಿಗೆ ಈ ತೊಂದರೆ ಒಂದೂ ಇಲ್ಲ. ಅವರು ಬರೋದು ಕತ್ತಲಲ್ಲಿ.

ಮಳೆ ಶುರುವಾದರೆ ಎಲೆ ಮೇಲೆ ಕಂದು ಚುಕ್ಕೆ. ಮಳೆ ನಿಂತು ರಾತ್ರಿ ತಣ್ಣಗಾದರೆ ಬೂದಿ ರೋಗ, ಎಲೆಯೆಲ್ಲ ವಿಭೂತಿ ಬಳಿದುಕೊಂಡು ಕೂರುತ್ತದೆ. ಗಿಡಗಳ ನಡುವೆ ಒಂದಡಿಯಷ್ಟು ಜಾಗ ಬಿಟ್ಟು, ಎಲೆಗೆ ತಾಗದ ಹಾಗೆ ಬುಡಕ್ಕೆ ಮಾತ್ರ ನೀರು ಹಾಕಬೇಕು. ಹುಳಿ ಮಜ್ಜಿಗೆ ನೀರು ಮಾಡಿ ಚಿಮುಕಿಸಿದೆ, ಬೇವಿನ ಎಣ್ಣೆ ಹೊಡೆದೆ. ಬೀದಿಯವರೆಲ್ಲ ಏನೋ ವಾಸನೆ ಅಂದರು, ರೋಗ ಏನೂ ಅನ್ನಲಿಲ್ಲ. ಆಮೇಲೆ ಓದಿ ಸಮಾಧಾನವಾಯಿತು, ಅಂತರಿಕ್ಷ ನಿಲ್ದಾಣದಲ್ಲೂ ಜಿನ್ನಿಯಾ ಇದೇ ಆಟ ಆಡಿದೆಯಂತೆ. 2015ರ ಕೊನೆಯಲ್ಲಿ ನಾಸಾದವರು ಅಲ್ಲಿ ಬೆಳೆಸುತ್ತಿದ್ದ ಗಿಡಗಳಿಗೆ ತೇವ ಜಾಸ್ತಿಯಾಗಿ ಬೂಸ್ಟು ಹಿಡಿಯಿತು. ಗಗನಯಾತ್ರಿ ಸ್ಕಾಟ್ ಕೆಲ್ಲಿ, ವೇಳಾಪಟ್ಟಿ ನೋಡಿಕೊಂಡು ನೀರು ಹಾಕೋಕಾಗಲ್ಲ, ಗಿಡ ನೋಡಿಕೊಂಡು ನಾನೇ ಹಾಕ್ತೀನಿ ಅಂತ ಹಟ ಹಿಡಿದರು. ಭೂಮಿಯಿಂದ ಒಂದು ಪುಟದ ಸೂಚನೆ ಕೊಟ್ಟು ಒಪ್ಪಿದರು. 2016ರ ಜನವರಿಯಲ್ಲಿ ಹೂವು ಅರಳಿತು, ಫೆಬ್ರವರಿ 14ಕ್ಕೆ ಕೆಲ್ಲಿ ಅದನ್ನು ಕೊಯ್ದು ಗೊಂಚಲು ಮಾಡಿ ಫೋಟೋ ಹಾಕಿದರು. ದಂಟು ಸಮೇತ! ನಾನೂರು ಕಿಲೋಮೀಟರ್ ಮೇಲೆ ಸಾಧ್ಯವಾಗೋದು ನಮ್ಮ ಬೀದಿಯಲ್ಲಿ ಆಗಲ್ಲ ಅಂದರೆ ಕಾರಣ ಇಷ್ಟೇ. ಅಲ್ಲಿ ಯಾರೂ ವಾಕಿಂಗ್ ಬರಲ್ಲ.

ಈಗ ಅಸಲು ಕತೆಗೆ ಬರುತ್ತೇನೆ.

ಜಿನ್ನಿಯಾ ಗುಲಾಬಿಯ ಹಾಗಲ್ಲ. ಮೊಗ್ಗಿದ್ದಾಗ ಕೊಯ್ದರೆ ನೀರಿನಲ್ಲಿ ಅರಳುವುದಿಲ್ಲ. ಪೂರ್ತಿ ಅರಳಿದ ಮೇಲೂ ದಂಟು ಗಟ್ಟಿಯಾಗಿದೆಯಾ ಅಂತ ಪರೀಕ್ಷೆ ಮಾಡಬೇಕು. ಹೂವಿನಿಂದ ಒಂದು ಗೇಣು ಕೆಳಗೆ ದಂಟನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಬೇಕು. ಕುತ್ತಿಗೆ ಬಳುಕಿದರೆ ಇನ್ನೂ ಎಳೆಯದು, ಕೊಯ್ದರೆ ಸಂಜೆಗೆ ಜೋತು ಬೀಳುತ್ತದೆ. ಬಳುಕದೆ ನಿಂತರೆ ತಯಾರು, ವಾರದವರೆಗೂ ಬಾಳುತ್ತದೆ. ಎಳೆ ಹೂವನ್ನಾದರೂ ಬಿಡಲಿ ಅಂತ ಇದನ್ನು ರಾಯರಿಗೆ ವಿವರವಾಗಿ, ಗಿಡ ಹಿಡಿದು ತೋರಿಸಿ ಹೇಳಿದೆ. ಅವರು ರಿಟೈರ್ಡ್ ಮೇಷ್ಟ್ರು. ಶ್ರದ್ಧೆಯಿಂದ ಕೇಳಿದರು. ಎರಡು ಪ್ರಶ್ನೆಯನ್ನೂ ಕೇಳಿದರು.

ಮಾರನೇ ಬೆಳಿಗ್ಗೆ ಇನ್ನೂ ಬೀದಿ ದೀಪ ಆರಿರಲಿಲ್ಲ. ಹೊರಗೆ ಸರಸರ ಸದ್ದಾಯಿತು. ಕಿಟಕಿ ಸಂದಿಯಿಂದ ನೋಡುತ್ತೇನೆ, ರಾಯರು ಕಾಂಪೌಂಡಿನ ಮೇಲೆ ಬಗ್ಗಿ, ಸಂತೆಯಲ್ಲಿ ತೆಂಗಿನಕಾಯಿ ಆರಿಸೋರ ಹಾಗೆ ಒಂದೊಂದು ಹೂವನ್ನೂ ಅಲ್ಲಾಡಿಸಿ ನೋಡುತ್ತಿದ್ದಾರೆ! ಬಾಯಲ್ಲಿ ವಿಷ್ಣು ಸಹಸ್ರನಾಮ. ಒಂದು ನಾಮ, ಒಂದು ಅಲ್ಲಾಟ. ಬಳುಕಿದ ಹೂವಿಗೆ "ಊಹೂಂ" ಅಂತ ತಲೆ ಆಡಿಸಿ, ಕೆನ್ನೆ ಸವರಿ ಬಿಟ್ಟುಬಿಡುತ್ತಾರೆ. ಗಟ್ಟಿ ನಿಂತಿದ್ದರೆ "ಭೇಷ್" ಅಂತ ಕುತ್ತಿಗೆಗೇ ಉಗುರು ಹಾಕಿ ಪಟಕ್. ಕವರಿಗೆ. ಮುಂಚೆ ಕೈಗೆ ಸಿಕ್ಕಿದ್ದು ಕೀಳುತ್ತಿದ್ದರು, ಎಳೆಯದು ಬಲಿತದ್ದು ಎಲ್ಲ ಬೆರೆತು ನನಗೂ ಒಂದಿಷ್ಟು ಉಳಿಯುತ್ತಿತ್ತು. ಈಗ ಫೇಲಾದವು ನನಗೆ, ಫಸ್ಟ್ ಕ್ಲಾಸಿನವು ದೇವರಿಗೆ. ಸಹಸ್ರನಾಮ ಮುಗಿಯೋ ಮುಂಚೆ ನನ್ನ ತೋಟ ಮುಗಿದಿರುತ್ತದೆ.

ಬಾಗಿಲು ತೆಗೆದು ಕೆಮ್ಮಿದೆ. ಒಂದಿಷ್ಟಾದರೂ ಗಾಬರಿ? ಇಲ್ಲ. "ಬನ್ನಿಮ್ಮಾ, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ನಿನ್ನೆ ಇಟ್ಟ ಹೂವು ಇವತ್ತೂ ಹಾಗೇ ಇದೆ ನೋಡಿ!" ಅಂದರು. ಆಮೇಲೆ ಬಲಿಯದ ಒಂದನ್ನು ತೋರಿಸಿ, "ಇದು ಶುಕ್ರವಾರಕ್ಕೆ ಆಗುತ್ತೆ, ನೀವು ಮುಟ್ಟಬೇಡಿ" ಅಂತ ನನಗೇ ತಾಕೀತು ಮಾಡಿದರು. ಶುಕ್ರವಾರಕ್ಕೆ ಸರಿಯಾಗಿ ಆಯಿತು ಕೂಡ. ಅವರ ಮನೆ ಪ್ರಸಾದದ ತಟ್ಟೆಯಲ್ಲಿ ಮೊಸರನ್ನದ ಪಕ್ಕ ಕೂತು ನಮ್ಮ ಮನೆಗೇ ವಾಪಸ್ ಬಂತು. ಅತ್ತೆ ಕಣ್ಣಿಗೊತ್ತಿಕೊಂಡು, "ಎಷ್ಟು ಒಳ್ಳೆಯವರು" ಅಂದರು.

ಒಂದು ಸಲ ಮಾತ್ರ ನಾನು ಗೆದ್ದಿದ್ದೆ. ರಾಯರು ತೀರ್ಥಯಾತ್ರೆಗೆ ಹೋಗಿದ್ದ ವಾರ. ಬಕೆಟ್ ತುಂಬ ಉದ್ದುದ್ದ ದಂಟಿನ ಹೂವು ಕೊಯ್ದು, ಕೆಳಗಿನ ಎಲೆಯೆಲ್ಲ ಬಿಡಿಸಿದೆ. ಬಿಡಿಸದಿದ್ದರೆ ನೀರು ಒಂದೇ ದಿನಕ್ಕೆ ಕೊಳೆಯುತ್ತದೆ, ಜಿನ್ನಿಯಾ ದಂಟು ಈ ವಿಷಯದಲ್ಲಿ ಬಲು ಕೊಳಕು. ತಣ್ಣಗಿರಲಿ ಅಂತ ನಮ್ಮನೆಯವರು ಪ್ರೀತಿಯಿಂದ ಆ ಬಕೆಟ್ಟನ್ನು ದೋಸೆ ಹಿಟ್ಟಿನ ಪಕ್ಕ ಫ್ರಿಜ್ಜಿನಲ್ಲಿಟ್ಟರು. ಗುಲಾಬಿ ತಡೆಯುತ್ತದೆ, ಬಿಸಿಲ ನಾಡು ಮೆಕ್ಸಿಕೋದ ಈ ಹೂವು ಫ್ರಿಜ್ಜಿನ ಚಳಿ ತಡೆಯಲ್ಲ. ಬೆಳಿಗ್ಗೆ ಎಸಳೆಲ್ಲ ಕಂದು. ಹಿಟ್ಟು ಚೆನ್ನಾಗಿತ್ತು. ಬೊಕೆ ಅಂಗಡಿಯವರು ಜರ್ಬೆರಾ, ಕಾರ್ನೇಷನ್ ಇಟ್ಟು ಜಿನ್ನಿಯಾ ಯಾಕೆ ಇಡಲ್ಲ ಅಂತ ಅವತ್ತು ಅರ್ಥವಾಯಿತು. ತಂಪಿನಲ್ಲಿಟ್ಟು ದೂರ ಸಾಗಿಸೋ ಹೂವಲ್ಲ ಇದು, ಬೆಳೆದ ಮನೆಯಲ್ಲೇ ಚೆಂದ.

ಮಲೆನಾಡಿನ ನಮ್ಮ ತವರಿನಲ್ಲಿ ಅಮ್ಮ ಒಂದು ದಿನವೂ ಜಿನ್ನಿಯಾ ದಂಟು ಅಲ್ಲಾಡಿಸಿ ನೋಡಿದವರಲ್ಲ. ಅಂಗಳದ ಅಂಚಿನಲ್ಲಿ ಡೇರೆ ಗಿಡಗಳ ಮುಂದೆ ಅವು ತಮ್ಮ ಪಾಡಿಗೆ ಬೆಳೆಯುತ್ತಿದ್ದವು. ಅಲ್ಲಿ ಯಾರೂ ಕೀಳುತ್ತಿರಲಿಲ್ಲ, ಕೊಯ್ಯುತ್ತಲೂ ಇರಲಿಲ್ಲ. ಗಿಡದಲ್ಲೇ ಒಣಗಿದ ಮೇಲೆ ಅಮ್ಮ ಎಸಳು ಎಳೆದು, ಬುಡದ ಬೀಜ ನೋಡಿ, ಪೇಪರಿನ ಪೊಟ್ಟಣ ಕಟ್ಟಿ ಮೇಲೆ "ಕೆಂಪು" ಅಂತ ಬರೆಯುತ್ತಿದ್ದರು. ಮದುವೆಗೋ ಮುಂಜಿಗೋ ಹೋದಾಗ ಆ ಪೊಟ್ಟಣಗಳು ಒಬ್ಬರ ಬ್ಯಾಗಿನಿಂದ ಇನ್ನೊಬ್ಬರ ಬ್ಯಾಗಿಗೆ ಹೋಗುತ್ತಿದ್ದವು. "ಕೆಂಪು" ಅಂತ ಹಾಕಿದರೆ ಗುಲಾಬಿ ಬಣ್ಣ ಬರುತ್ತಿತ್ತು, ಸುತ್ತು ಎಸಳಿನದು ಹಾಕಿದರೆ ಒಂಟಿ ಎಸಳಿನದು. ಚಿಟ್ಟೆ, ಜೇನು ಪರಾಗ ಬೆರೆಸಿದ ಮೇಲೆ ಪೊಟ್ಟಣದ ಮಾತು ಯಾರು ಕೇಳುತ್ತಾರೆ? ಅಮ್ಮ ಮತ್ತೆ ಬೀಜ ಹಿಡಿಯುತ್ತಿದ್ದರು, ಮತ್ತೆ "ಕೆಂಪು" ಅಂತಲೇ ಬರೆಯುತ್ತಿದ್ದರು. ಅವರ ಕೈಬರಹದ ಕೊನೆಯ ಪೊಟ್ಟಣ ನನ್ನ ಬೀರುವಿನಲ್ಲಿದೆ. ಬೀಜ ಎಂದೋ ಸತ್ತಿರುತ್ತದೆ. ಆದರೂ ಇರಲಿ ಅಂತ ಇಟ್ಟಿದ್ದೇನೆ.

ನನ್ನ ಗಿಡದಲ್ಲಿ ಬೀಜ ಹಿಡಿಯೋ ಮಾತೇ ಇಲ್ಲ. ಒಣಗೋವರೆಗೆ ಒಂದು ಹೂವು ಉಳಿದರೆ ತಾನೇ?

ಭಾನುವಾರಕ್ಕೆ ಜರ್ಬೆರಾ ಬೊಕೆ ಹೇಳಿಯಾಯಿತು. ನಾದಿನಿ ಫೋನಿನಲ್ಲಿ "ಪರವಾಗಿಲ್ಲ ಬಿಡಿ ಅತ್ತಿಗೆ" ಅಂದ ದನಿಯೇ ಹೇಳುತ್ತಿತ್ತು, ಇದು ಇನ್ನೂ ಹತ್ತು ಫಂಕ್ಷನ್ನುಗಳಲ್ಲಿ ಓಡೋ ಮಾತು ಅಂತ.

ಸಂಜೆ ಗೇಟಿನ ಸದ್ದಾಯಿತು. ರಾಯರು, ಕೈಯಲ್ಲಿ ಮೊಬೈಲು. "ನೋಡಿಮ್ಮಾ, ನಮ್ಮ ಮಗಳು ಅಮೆರಿಕದಿಂದ ಫೋಟೋ ಕಳಿಸಿದ್ದಾಳೆ. ಅವಳೂ ನಿಮ್ಮ ಇದೇ ಹೂವು ಹಾಕಿದ್ದಾಳೆ." ನೋಡಿದೆ. ಗಾಜಿನ ಜಾಡಿಯ ತುಂಬ ಜಿನ್ನಿಯಾ. ಒಂದೊಂದಕ್ಕೂ ಮೊಳಕ್ಕಿಂತ ಉದ್ದದ ದಂಟು. ರಾಯರು ಫೋಟೋ ದೊಡ್ಡದು ಮಾಡಿ, ಬೆರಳಲ್ಲಿ ದಂಟಿನ ಉದ್ದ ಅಳೆದರು. ಆಮೇಲೆ ನನ್ನ ಗಿಡಗಳ ಕಡೆ ತಿರುಗಿ, ತುದಿ ಕಿತ್ತಲ್ಲೆಲ್ಲ ಚಿಗುರಿಕೊಂಡ ಬೆರಳುದ್ದದ ಗಿಡ್ಡ ಕವಲುಗಳನ್ನು ನೋಡಿ, ಬಹಳ ಮರುಕದಿಂದ ಹೇಳಿದರು.

"ನಿಮ್ಮದಕ್ಕೆ ಯಾಕಮ್ಮಾ ದಂಟೇ ಬರೋದಿಲ್ಲ? ಗೊಬ್ಬರ ಸಾಲದು ಅನ್ಸುತ್ತೆ."

ಹೇಳೋ ಮಾತು ಬೇಕಾದಷ್ಟಿತ್ತು. ಅತ್ತೆ ಕಿಟಕಿಯಲ್ಲಿದ್ದರು.

"ಹೌದು ಅಂಕಲ್, ಸಾಲದು. ಎರೆಗೊಬ್ಬರ ಹಾಕಬೇಕು. ತರೋರೇ ಇಲ್ಲ."

"ಅಯ್ಯೋ, ನಾನಿಲ್ವೇ?" ಅಂದರು. ನಾಳೆ ಇಪ್ಪತ್ತೈದು ಕೆಜಿಯ ಎರಡು ಚೀಲ ಅವರ ಸ್ಕೂಟರಿನಲ್ಲಿ ಬರುತ್ತಿವೆ. ದುಡ್ಡು ಎಷ್ಟು ಅಂತ ನಾನು ಕೇಳೋದೂ ಇಲ್ಲ, ಕೊಡೋದೂ ಇಲ್ಲ. ಅರ್ಧ ಪುಣ್ಯ ಅವರ ಅಕೌಂಟಿಗೂ ಬೀಳಲಿ.